ಗೋದಾಮನ್ನು ಅಡಗಿಸುವ ವಿದ್ಯೆ

ಕಣದಲ್ಲಿ ಕಾಫಿ ಹರಡಿದ್ದರೆ ಯಾರೂ ಅದನ್ನು ಅಂದಗೇಡು ಎನ್ನುವುದಿಲ್ಲ. ಬಂದವರು ನಿಂತು ನೋಡುತ್ತಾರೆ, ಒಂದೆರಡು ಫೋಟೋ ಕೂಡ ತೆಗೆಯುತ್ತಾರೆ. ಅದೇ ಕಣದ ಅಂಚಿನಲ್ಲಿರುವ ತಗಡಿನ ಷೆಡ್ಡು, ಪಲ್ಪರ್ ಮನೆ, ಅಡಿಕೆ ಬೇಯಿಸಿ ಬೇಯಿಸಿ ಮಸಿ ಹಿಡಿದ ಗೋಡೆ, ಕಪ್ಪು ನೀರಿನ ಟ್ಯಾಂಕು, ಅದರ ಪಕ್ಕದಲ್ಲಿ ನೀಲಿ ತಾರ್ಪಾಲು ಹೊದ್ದ ಸೌದೆ ರಾಶಿ, ಇವು ಕಂಡ ಕೂಡಲೇ ಮುಖ ಆಚೆ ತಿರುಗಿಸುತ್ತಾರೆ. ನಮಗೆ ಇದರಿಂದ ಈವರೆಗೆ ನಷ್ಟವೇನೂ ಇರಲಿಲ್ಲ. ಆದರೆ ಧಾರಣೆಯ ಏರಿಳಿತಕ್ಕೆ ಬೇಸತ್ತು ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ ಸದಸ್ಯರಿಗೆ ಈಗ ಇದು ಹೊಟ್ಟೆಪಾಡಿನ ಮಾತಾಗಿದೆ. ಅಂಥ ಸದಸ್ಯರೊಬ್ಬರು ಗೊಬ್ಬರದ ಲೆಕ್ಕ ಕೇಳಲು ಸಂಘದ ಕಚೇರಿಗೆ ಬಂದವರು, ಹೊರಡುವ ಮುನ್ನ ಸಂಕೋಚದಿಂದಲೇ ಕೇಳಿದರು: "ಜಗಲಿಯಲ್ಲಿ ಕೂತವರಿಗೆ ಆ ಷೆಡ್ಡು ಕಾಣದ ಹಾಗೆ ಮಾಡುವುದಕ್ಕೆ ಏನಾದರೂ ಉಪಾಯ ಉಂಟೇ?"

ನಾವು ಮೊದಲು ನಕ್ಕೆವು. ಆಮೇಲೆ ಯೋಚಿಸಿದಾಗ, ಈ ಪ್ರಶ್ನೆಗೆ ಎಲ್ಲರಿಗಿಂತ ಹೆಚ್ಚು ತಲೆಕೆಡಿಸಿಕೊಂಡವರು, ಎಲ್ಲರಿಗಿಂತ ಹೆಚ್ಚು ದುಡ್ಡು ಸುರಿದವರು ಬೇರೆ ಯಾರೂ ಅಲ್ಲ, ವಿದೇಶಗಳಲ್ಲಿ ಥೀಮ್ ಪಾರ್ಕ್ ಕಟ್ಟುವವರು ಎಂಬುದು ತಿಳಿಯಿತು. ಅವರದೂ ನಮ್ಮ ಕಷ್ಟವೇ. ಎದುರಿಗೆ ಅರಮನೆ, ಬೆಟ್ಟ, ಕಾಡು, ಹಳೆಯ ಕಾಲದ ಬೀದಿ. ಆದರೆ ಆಟದ ಯಂತ್ರಗಳು ಇರುವುದು ದೊಡ್ಡ ದೊಡ್ಡ ಗೋದಾಮುಗಳೊಳಗೆ. ನೂರಾರು ಜನರನ್ನು ದೋಣಿಯಲ್ಲಿ ಕೂರಿಸಿ ಕತ್ತಲೆಯಲ್ಲಿ ತಿರುಗಿಸಬೇಕಾದರೆ ಎಷ್ಟು ದೊಡ್ಡ ಕಟ್ಟಡ ಬೇಕು? ಹಾಸನ, ಚಿಕ್ಕಮಗಳೂರು ಕಡೆಯ ಕ್ಯೂರಿಂಗ್ ವರ್ಕ್ಸ್ ನೋಡಿದವರಿಗೆ ಅಂದಾಜು ಸಿಗುತ್ತದೆ. ಕಿಟಕಿ ಇಲ್ಲದ, ಚಪ್ಪಟೆ ಮಾಡಿನ, ಏನೇನೂ ಅಂದವಿಲ್ಲದ ಪೆಟ್ಟಿಗೆ ಅದು. ಅದನ್ನು ಬಂದವರ ಕಣ್ಣಿಗೆ ಬೀಳದಂತೆ ಇಡುವುದೇ ಅವರ ವಿದ್ಯೆ. ಆ ವಿದ್ಯೆಯ ಮೊದಲ ಪಾಠಗಳು ಒಂದು ಹಣ್ಣಿನ ತೋಟದಲ್ಲೇ ನಡೆದವು ಎಂಬುದು ನಮ್ಮಂಥವರಿಗೆ ವಿಶೇಷ ಆಸಕ್ತಿಯ ಸಂಗತಿ.

ಕಿತ್ತಳೆ ತೋಟದ ಸುತ್ತ ಮಣ್ಣಿನ ಏರಿ

ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಅನಾಹೈಮ್ ಎಂಬ ಊರಿದೆ. ಆ ಜಿಲ್ಲೆಯ ಹೆಸರೇ ಆರೆಂಜ್ ಕೌಂಟಿ, ಅಂದರೆ ಕಿತ್ತಳೆ ಸೀಮೆ. ಚಲನಚಿತ್ರ ತಯಾರಕ ವಾಲ್ಟ್ ಡಿಸ್ನಿ ಅಲ್ಲಿ ಸುಮಾರು 160 ಎಕರೆ ಕಿತ್ತಳೆ ಮತ್ತು ಅಕ್ರೋಟು ತೋಟಗಳನ್ನು ಹಲವು ಕುಟುಂಬಗಳಿಂದ ಕೊಂಡು, ಒಂದೇ ವರ್ಷದಲ್ಲಿ ಡಿಸ್ನಿಲ್ಯಾಂಡ್ ಕಟ್ಟಿಸಿ, 1955ರ ಜುಲೈ 17ರಂದು ತೆರೆದರು. ಒಳಗೆ ಬಂದವರಿಗೆ ಹೊರಗಿನ ಪ್ರಪಂಚ ಕಾಣಲೇಬಾರದು ಎಂಬುದು ಅವರ ಹಟ. ವಿದ್ಯುತ್ ಕಂಬ, ಹೆದ್ದಾರಿ, ನೆರೆಯವರ ಮಾಡು ಒಂದೂ ಕಾಣಬಾರದು. ಇದಕ್ಕೆ ಅವರು ಮಾಡಿದ ಉಪಾಯ ನಮ್ಮ ಹಿರಿಯರಿಗೂ ಗೊತ್ತಿದ್ದದ್ದೇ. ದನ ಬಾರದಿರಲಿ ಎಂದು ನಾವು ತೋಟದ ಸುತ್ತ ಅಗಳು ತೋಡಿ, ಆ ಮಣ್ಣನ್ನು ದಂಡೆಗೆ ಹಾಕಿ, ಮೇಲೆ ಬೇಲಿ ಗಿಡ ನೆಡುತ್ತೇವೆ. ಅವರು ದೃಷ್ಟಿ ಬಾರದಿರಲಿ ಎಂದು ಉದ್ಯಾನದ ಸುತ್ತ ಎರಡಾಳು ಮೂರಾಳು ಎತ್ತರದ ಮಣ್ಣಿನ ಏರಿ ಹಾಕಿದರು. ಏರಿಯ ಮೇಲೆ ಮರ ನೆಟ್ಟರು. ಸುಮ್ಮನೆ ಇರಲೇಕೆ ಎಂದು ಅದರ ಮೇಲೆಯೇ ಒಂದು ಉಗಿಬಂಡಿಯ ಹಳಿ ಹಾಕಿ, ಜನರನ್ನು ಸುತ್ತಿಸಿ ಟಿಕೇಟಿನ ಹಣವನ್ನೂ ಪಡೆದರು!

ಮರ ನೆಡುವ ಕೆಲಸ ಬಿಲ್ ಇವಾನ್ಸ್ ಎಂಬ ನರ್ಸರಿಯವರದು. ಅದಕ್ಕೆ ಮೊದಲು ಅವರು ಡಿಸ್ನಿಯವರ ಮನೆಯ ಹಿತ್ತಿಲಿನ ಆಟದ ರೈಲಿನ ಸುತ್ತ ಗಿಡ ನೆಟ್ಟುಕೊಟ್ಟಿದ್ದರು. ಈಗ 160 ಎಕರೆ, ಕೈಯಲ್ಲಿ ಒಂದು ವರ್ಷ. ಮರ ಬೆಳೆಯುವ ವೇಗ ನಮಗೆ ಗೊತ್ತಿಲ್ಲವೇ? ಇವಾನ್ಸ್ ಬೆಳೆದ ಮರಗಳನ್ನೇ ಹುಡುಕಿಕೊಂಡು ಹೊರಟರು. ಆಗ ಲಾಸ್ ಏಂಜಲೀಸಿನ ಸುತ್ತ ಹೆದ್ದಾರಿಗಳ ಕೆಲಸ ಭರದಿಂದ ನಡೆದಿತ್ತು. ರಸ್ತೆಗೆ ಅಡ್ಡ ಬಂದು ಉರುಳಬೇಕಾಗಿದ್ದ ಮರಗಳನ್ನು ಅಲ್ಪ ಬೆಲೆಗೆ ಪಡೆದು ಬುಡ ಸಮೇತ ಎತ್ತಿ ತಂದರು. ತೋಟದಲ್ಲಿ ಇದ್ದ ಮರಗಳಲ್ಲೂ ಉಳಿಸಬೇಕಾದವಕ್ಕೆ ಒಂದು ಬಣ್ಣದ ಪಟ್ಟಿ, ಕಡಿಯಬೇಕಾದವಕ್ಕೆ ಇನ್ನೊಂದು ಬಣ್ಣದ ಪಟ್ಟಿ ಕಟ್ಟಿದ್ದರಂತೆ. ಬುಲ್ಡೋಜರ್ ಓಡಿಸುವಾತನಿಗೆ ಬಣ್ಣ ಕಾಣುವ ದೋಷವಿದ್ದು, ಎಲ್ಲವನ್ನೂ ಒಂದೇ ಸಮ ನೆಲಸಮ ಮಾಡಿದನೆಂಬ ಕತೆ ಅಲ್ಲಿ ಇಂದಿಗೂ ಪ್ರಚಾರದಲ್ಲಿದೆ. ನಿಜವೋ ಕಟ್ಟುಕತೆಯೋ, ಮರಗಸಿಗೆ ಕೂಲಿ ಹಿಡಿದು ಮಧ್ಯಾಹ್ನ ನೋಡಲು ಹೋದ ನಮ್ಮ ಯಾವ ಸದಸ್ಯರಿಗೂ ನಂಬಲು ಕಷ್ಟವಾಗದು.

ಕಾಡಿನ ನದಿಯ ದೋಣಿಯಾಟಕ್ಕೆ ವಿಚಿತ್ರ ಮರಗಳು ಬೇಕಾಗಿದ್ದವು. ಆಫ್ರಿಕೆಯಿಂದ ತರಿಸಲು ಹಣವೂ ಇಲ್ಲ, ಸಮಯವೂ ಇಲ್ಲ. ಕಿತ್ತುಹಾಕಿದ ಅಕ್ರೋಟು ಮರಗಳನ್ನೇ ಬುಡಮೇಲು ಮಾಡಿ ಹುಗಿದರು. ಮೇಲಕ್ಕೆ ಚಾಚಿದ ಬೇರುಗಳು ಯಾವುದೋ ಗೊಂಡಾರಣ್ಯದ ಕೊಂಬೆಗಳಂತೆ ಕಂಡವು, ಅವುಗಳ ಮೇಲೆ ಬಳ್ಳಿ ಹಬ್ಬಿಸಿದರು. ಇನ್ನೂ ತಮಾಷೆ ಎಂದರೆ ಉದ್ಘಾಟನೆಯ ದಿನ ಹತ್ತಿರ ಬಂದಾಗ ಗಿಡಕ್ಕಿಟ್ಟ ಹಣ ಮುಗಿದುಹೋಯಿತು. ಕಾಲುವೆಯ ದೋಣಿಗಳ ಪಕ್ಕದ ದಿಬ್ಬದ ಮೇಲೆ ಬರೀ ಕಳೆ. ಕಳೆ ಕೀಳಿಸಲೂ ಪುರಸೊತ್ತಿಲ್ಲ. ಆ ಕಳೆಗಳಿಗೆ ಅವುಗಳ ಲ್ಯಾಟಿನ್ ಶಾಸ್ತ್ರೀಯ ಹೆಸರು ಬರೆದ ಫಲಕಗಳನ್ನು ನೆಡುವಂತೆ ಡಿಸ್ನಿಯವರು ಹೇಳಿದರಂತೆ. ಬಂದ ಜನ ಅಪರೂಪದ ಗಿಡಗಳೆಂದು ಗೌರವದಿಂದ ನೋಡಿ ಮುಂದೆ ಹೋದರು. ನಮ್ಮ ತೋಟದ ಕಾಂಗ್ರೆಸ್ ಹುಲ್ಲಿಗೆ ಪಾರ್ಥೇನಿಯಂ ಹಿಸ್ಟಿರೋಫೋರಸ್ ಎಂದು ಹಿತ್ತಾಳೆ ಫಲಕ ಹಾಕಿದರೆ ಹೇಗಿದ್ದೀತು ಎಂದು ನಮ್ಮ ಕಚೇರಿಯಲ್ಲಿ ಒಂದು ಇಡೀ ಸಂಜೆ ಚರ್ಚೆಯಾಯಿತು.

ಉಳಿದುಕೊಂಡ ಒಂದು ಮರ

ತೋಟ ಮಾರಿದ ಕುಟುಂಬಗಳಲ್ಲಿ ಡೊಮಿಂಗೆಜ್ ಮನೆತನದವರು ಒಬ್ಬರು. ಅವರ ಅಂಗಳದಲ್ಲಿ 1896ರಲ್ಲಿ ನೆಟ್ಟ ಒಂದು ಕೆನರಿ ದ್ವೀಪದ ಖರ್ಜೂರದ ಮರವಿತ್ತು. ಜಮೀನು ಕೊಡುತ್ತೇವೆ, ಆ ಮರವನ್ನು ಮಾತ್ರ ಕಡಿಯಬೇಡಿ ಎಂದು ಅವರು ಕೇಳಿಕೊಂಡರು. ಮರವಿದ್ದ ಜಾಗ ವಾಹನ ನಿಲ್ದಾಣಕ್ಕೆ ಹೋಗುವುದಿತ್ತು. ಮಾತಿಗೆ ಕಟ್ಟುಬಿದ್ದ ಡಿಸ್ನಿಯವರು ಅದನ್ನು ಬೇರು ಸಮೇತ ಎಬ್ಬಿಸಿ ಕಾಡಿನ ದೋಣಿಯಾಟದ ಬಳಿಗೆ ತಂದು ನೆಡಿಸಿದರು. ಅಲ್ಲಿ ಅದು ಕಾಡಿನ ಮರಗಳಲ್ಲಿ ಒಂದಾಗಿ, ಮರೆಗೆ ಮರೆಯಾಗಿ ದಶಕಗಳ ಕಾಲ ನಿಂತಿತು. ಪಕ್ಕದಲ್ಲಿ ಸರದಿ ನಿಂತ ಜನರಿಗೆ ಅದು ಒಂದು ಕಾಲದಲ್ಲಿ ಯಾರದೋ ಮನೆಯ ಅಂಗಳದ ಮರವಾಗಿತ್ತೆಂದು ತಿಳಿಯುವುದು ಹೇಗೆ? ಅದೇ ಮನೆಯ ಹುಡುಗ ರಾನ್ ಡೊಮಿಂಗೆಜ್ 1955ರಲ್ಲಿ, ತಾನು ಹುಟ್ಟಿ ಬೆಳೆದ ನೆಲದ ಮೇಲೆಯೇ ಟಿಕೇಟು ತೆಗೆದುಕೊಳ್ಳುವ ಕೆಲಸಕ್ಕೆ ಸೇರಿ, ಮೇಲೇರುತ್ತ ಹೋಗಿ ಆ ಸಂಸ್ಥೆಯ ಹಿರಿಯ ಅಧಿಕಾರಿಯಾಗಿ 1994ರಲ್ಲಿ ನಿವೃತ್ತರಾದರು.

ಇದನ್ನು ಓದಿದಾಗ ನಮಗೆ ಸ್ವಲ್ಪ ಹೊತ್ತು ಮುಂದಕ್ಕೆ ಓದಲು ಮನಸ್ಸಾಗಲಿಲ್ಲ. ಅನಾಹೈಮಿನಲ್ಲಿ ಈಗ ಕಿತ್ತಳೆ ತೋಟ ಎಂದು ಹೇಳಿಕೊಳ್ಳುವಂಥದ್ದು ಉಳಿದಿಲ್ಲ. ಉದ್ಯಾನ ಬಂತು, ಅದರ ಬೆನ್ನಿಗೆ ಹೋಟೆಲುಗಳು, ಮೋಟೆಲುಗಳು, ಬಣ್ಣದ ದೀಪದ ಫಲಕಗಳು ಬೇಲಿಯವರೆಗೂ ಬಂದು ನಿಂತವು. ಹೊರಗಿನ ಕೊಳಕು ಕಾಣಬಾರದೆಂದು ಏರಿ ಹಾಕಿದವರ ಸುತ್ತಲೇ ಆ ಕೊಳಕು ಬೆಳೆಯಿತು, ಅದೂ ಅವರ ಗಿರಾಕಿಗಳಿಂದಲೇ. 1960ರ ದಶಕದಲ್ಲಿ ಅಲ್ಲಿನ ನಗರಸಭೆ ಸುತ್ತಲಿನ ಕಟ್ಟಡಗಳು ಉದ್ಯಾನದೊಳಗಿಂದ ಕಾಣುವಷ್ಟು ಎತ್ತರ ಏರದಂತೆ ನಿಯಮ ತರಬೇಕಾಯಿತು. ಆ ಪಾಠ ಕಲಿತ ಸಂಸ್ಥೆಯವರು ಮುಂದೆ ಫ್ಲಾರಿಡಾದಲ್ಲಿ ಇಪ್ಪತ್ತೇಳು ಸಾವಿರ ಎಕರೆಗೂ ಮೀರಿ ಜಮೀನು ಕೊಂಡರು. ನೆರೆಮನೆ ಕಾಣಬಾರದು ಎಂದರೆ ನೆರೆಮನೆಯ ಜಾಗವನ್ನೇ ಕೊಂಡುಬಿಡುವುದು! ಐದೆಕರೆಯ ಬೆಳೆಗಾರರಿಗೆ ಈ ಉಪಾಯ ಒದಗುವುದಿಲ್ಲವಾದ್ದರಿಂದ ಮುಂದಕ್ಕೆ ಹೋಗೋಣ.

ಲಿಫ್ಟಿನಲ್ಲಿ ಇಳಿದು ಗೋದಾಮಿಗೆ

ಕೆಲವು ವರ್ಷಗಳಲ್ಲೇ ಏರಿಯೊಳಗಿನ ಜಾಗ ಸಾಲದಾಯಿತು. 1967ರಲ್ಲಿ ತೆರೆದ ಕಡಲ್ಗಳ್ಳರ ದೋಣಿಯಾಟಕ್ಕೂ, 1969ರಲ್ಲಿ ತೆರೆದ ಭೂತದ ಬಂಗಲೆಗೂ ಬೇಕಾದ ಗೋದಾಮುಗಳನ್ನು ಅವರು ಏರಿಯ ಆಚೆಗೆ, ಜನರ ಕಣ್ಣಿಗೆ ಬೀಳದ ಕಡೆ ಕಟ್ಟಿದರು. ಈಚೆ ಕಡೆ ಕಾಣುವುದು ಚಿಕ್ಕದೊಂದು ಚೆಂದದ ಮುಖಮಂಟಪ ಮಾತ್ರ. ಆದರೆ ಜನರನ್ನು ರೈಲುಹಳಿ ದಾಟಿಸಿ ಗೋದಾಮಿಗೆ ಒಯ್ಯುವುದು ಹೇಗೆ? ಕಡಲ್ಗಳ್ಳರ ಆಟದಲ್ಲಿ ದೋಣಿಗಳು ಕತ್ತಲೆಯಲ್ಲಿ ಎರಡು ಅಬ್ಬಿಗಳಿಂದ ಕೆಳಕ್ಕೆ ಜಾರುತ್ತವೆ. ಕೂತವರು ಹೋ ಎಂದು ಕೂಗುತ್ತಾರೆ. ಅಷ್ಟರಲ್ಲಿ ಅವರು ಏರಿಯ ಅಡಿಯಿಂದ ಹಾದು ಆಚೆಗೆ ಹೋಗಿರುತ್ತಾರೆ. ಭೂತದ ಬಂಗಲೆಯಲ್ಲಿ ಜನರನ್ನು ಒಂದು ಎಂಟು ಮೂಲೆಯ ಕೋಣೆಗೆ ತುಂಬಿ ಬಾಗಿಲು ಹಾಕುತ್ತಾರೆ. ನೋಡುನೋಡುತ್ತ ಗೋಡೆಗಳು ಮೇಲಕ್ಕೆ ಉದ್ದವಾಗುತ್ತವೆ, ಗೋಡೆಯ ಚಿತ್ರಪಟಗಳು ಹಿಗ್ಗುತ್ತವೆ. ಹಿಗ್ಗುವುದು ಸುಳ್ಳು. ಆ ಕೋಣೆಯೇ ಒಂದು ಲಿಫ್ಟು. ನೆಲ ಕೆಳಗೆ ಇಳಿಯುತ್ತಿರುತ್ತದೆ. ಇಳಿದವರು ಸುರಂಗದಲ್ಲಿ ನಡೆದು ಹಳಿಯ ಅಡಿಯಿಂದ ಗೋದಾಮು ಸೇರುತ್ತಾರೆ.

ಹೀಗೆ ಅಡಗಿಸುವ ಕಷ್ಟವೇ ಆಟದ ಸ್ವಾರಸ್ಯವಾಯಿತು. ಫ್ಲಾರಿಡಾದಲ್ಲಿ 1971ರಲ್ಲಿ ಇದೇ ಬಂಗಲೆಯನ್ನು ಮತ್ತೆ ಕಟ್ಟುವಾಗ ಇಳಿಸುವ ಅಗತ್ಯವೇ ಇರಲಿಲ್ಲ. ಜನ ಮಾತ್ರ ಆ ಹಿಗ್ಗುವ ಕೋಣೆಯನ್ನು ಬಿಟ್ಟುಕೊಡಲಾರರು. ಅಲ್ಲಿ ನೆಲವನ್ನು ಹಾಗೇ ಬಿಟ್ಟು ಮೇಲ್ಛಾವಣಿಯನ್ನು ಎತ್ತುವ ಏರ್ಪಾಡು ಮಾಡಿದರು.

ಬೆಟ್ಟದಿಂದ ಕಂಬ ಮುಚ್ಚಿದ್ದು ಇನ್ನೊಂದು ಕತೆ. ಅನಾಹೈಮಿನಲ್ಲಿ ಅರಮನೆಯ ಕಂದಕ ತೋಡಿದ ಮಣ್ಣು ರಾಶಿ ಬಿದ್ದು ಒಂದು ಗುಡ್ಡವಾಗಿತ್ತು. 1956ರಲ್ಲಿ ತಂತಿಯ ಮೇಲೆ ತೊಟ್ಟಿಲುಗಳನ್ನು ಓಡಿಸುವ ಸ್ಕೈವೇ ಹಾಕಿದಾಗ ಅದರ ಉಕ್ಕಿನ ಕಂಬವೊಂದು ಸರಿಯಾಗಿ ಆ ಗುಡ್ಡದ ನೆತ್ತಿಯ ಮೇಲೆ, ಇಡೀ ಉದ್ಯಾನಕ್ಕೆ ಕಾಣುವಂತೆ ಬಂದು ನಿಂತಿತು. 1959ರಲ್ಲಿ ಅದೇ ಜಾಗದಲ್ಲಿ ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಶಿಖರದ ನೂರರಲ್ಲೊಂದು ಪಾಲು, ಅಂದರೆ 147 ಅಡಿ ಎತ್ತರದ ಬೆಟ್ಟ ಕಟ್ಟಿದರು. ಒಳಗೆ ಉಕ್ಕಿನ ಹಂದರ ಮತ್ತು ಜಾರುಬಂಡಿಯ ಹಳಿ, ಹೊರಗೆ ಸಿಮೆಂಟಿನ ಬಂಡೆ, ಹಿಮದ ಬಣ್ಣ. ಕಂಬ ಬೆಟ್ಟದ ಹೊಟ್ಟೆಯೊಳಗೆ ಸೇರಿಕೊಂಡಿತು, ತೊಟ್ಟಿಲುಗಳು ಬೆಟ್ಟದಲ್ಲಿ ತೂತು ಮಾಡಿ ಹಾದುಹೋದವು. 1994ರಲ್ಲಿ ತೊಟ್ಟಿಲು ನಿಂತುಹೋದರೂ ಬೆಟ್ಟ ಉಳಿಯಿತು. ತೋಟಗಾರರ ಕಣ್ಣಿಗೆ ಬೀಳಬೇಕಾದ್ದು ಅದರ ಮೇಲಿನ ಮರಗಳು. ಬುಡದಲ್ಲಿ ದೊಡ್ಡವು, ಮೇಲೆ ಹೋದಂತೆ ಚಿಕ್ಕವು. ಕಣ್ಣು ಮೋಸಹೋಗಿ ಬೆಟ್ಟ ಇನ್ನೂ ಎತ್ತರವಿದೆ ಎಂದುಕೊಳ್ಳುತ್ತದೆ. ಅರಮನೆಯ ಕಲ್ಲುಗಳಲ್ಲೂ ಇದೇ ಲೆಕ್ಕ, ಕೆಳಗೆ ದಪ್ಪ, ಮೇಲೆ ಸಣ್ಣ. ಆ ಅರಮನೆ ನಿಜವಾಗಿ ಇರುವುದು 77 ಅಡಿ. ಒಳ್ಳೆಯ ಅಡಿಕೆ ಮರಕ್ಕಿಂತ ಬಹಳ ಹೆಚ್ಚೇನಲ್ಲ.

ಹೋಗು ಎನ್ನುವ ಹಸಿರು

ಎಲ್ಲದಕ್ಕೂ ಬೆಟ್ಟ ಕಟ್ಟಲಾಗದು. ಬೇಲಿ, ಸೇವಾದ್ವಾರ, ಕಸದ ಕೋಣೆ, ವಿದ್ಯುತ್ ಪೆಟ್ಟಿಗೆಗಳಿಗೆ ಅವರು ಒಂದು ಬಗೆಯ ಮಂಕು ಹಸಿರು ಬಳಿಯುತ್ತಾರೆ. ಅದಕ್ಕೆ ಕೆಲಸಗಾರರು ಇಟ್ಟ ಹೆಸರು 'ಗೋ ಅವೇ ಗ್ರೀನ್', ಹೋಗು ಎನ್ನುವ ಹಸಿರು. ಅದು ಒಂದೇ ಡಬ್ಬಿಯ ಬಣ್ಣವಲ್ಲ. ಹಿಂದಿನ ಗಿಡಗಳನ್ನು ನೋಡಿ ಹಸಿರಿಗೆ ಬೂದಿಯನ್ನೋ ಕಂದನ್ನೋ ಬೆರೆಸಿ ಮಾಡುವಂಥದ್ದು. ನಾವು ಮಾಡುವ ತಪ್ಪು ಇಲ್ಲೇ ಇದೆ. ಷೆಡ್ಡು ತೋಟದಲ್ಲಿ ಬೆರೆಯಲಿ ಎಂದು ಗಿಳಿಹಸಿರಿನ ಹೊಳೆಯುವ ತಗಡು ತರುತ್ತೇವೆ. ನಮ್ಮ ತೋಟದ ಹಸಿರು ಗಿಳಿಹಸಿರಲ್ಲ. ಅದು ನೆರಳಿನ ಹಸಿರು, ಮುಕ್ಕಾಲು ಪಾಲು ಕಪ್ಪು. ಹೊಳೆಯುವ ತಗಡು ಗುಡ್ಡದ ಆಚೆಯಿಂದಲೂ ಕಣ್ಣಿಗೆ ಕುಕ್ಕುತ್ತದೆ. ಅದಕ್ಕಿಂತ ತುಕ್ಕು ಹಿಡಿದ ಹಳೆಯ ತಗಡೇ ಎಷ್ಟೋ ಚೆನ್ನಾಗಿ ಮರೆಯಾಗುತ್ತದೆ. ಇನ್ನು ಕಟ್ಟಡದ ಹಿಂದೆ ಮರವಿಲ್ಲದೆ ಆಕಾಶವಿದ್ದರೆ ಹಸಿರಿನಿಂದ ಪ್ರಯೋಜನವಿಲ್ಲ, ತಿಳಿ ಬೂದು ನೀಲಿ ಬೇಕು.

ಆಕಾಶಕ್ಕೆ ಬೆರೆಸುವುದಕ್ಕೂ ಮಿತಿ ಇದೆ ಎನ್ನಲು ಫ್ಲಾರಿಡಾದ ಎಪ್‌ಕಾಟ್ ಉದ್ಯಾನವೇ ಸಾಕ್ಷಿ. ಅಲ್ಲಿ ಕೊಳದ ಸುತ್ತ ಹಲವು ದೇಶಗಳ ಮಾದರಿ ಕೇರಿಗಳಿವೆ. ಮೊರಾಕೊ ದೇಶದ ಕೇರಿ 1984ರಲ್ಲಿ ಆಯಿತು. ಅದರ ಹೆಂಚಿನ ಕುಸುರಿಗೆ ಅಲ್ಲಿನ ದೊರೆ ತಮ್ಮ ದೇಶದ ಕುಶಲಕರ್ಮಿಗಳನ್ನೇ ಕಳಿಸಿಕೊಟ್ಟರು. ಹತ್ತು ವರ್ಷದ ಮೇಲೆ, 1994ರಲ್ಲಿ, ಪಕ್ಕದ ಇನ್ನೊಂದು ಉದ್ಯಾನದಲ್ಲಿ 199 ಅಡಿ ಎತ್ತರದ ಭಯದ ಹೋಟೆಲು ಎದ್ದಿತು. 199 ಏಕೆಂದರೆ 200 ಮುಟ್ಟಿದರೆ ವಿಮಾನಗಳಿಗಾಗಿ ಕೆಂಪು ದೀಪ ಮಿನುಗಿಸಬೇಕಾಗುತ್ತದೆ. ಕೊಳದ ಈಚೆ ದಡದಲ್ಲಿ ನಿಂತರೆ ಆ ಗೋಪುರದ ನೆತ್ತಿ ಮೊರಾಕೊ ಕೇರಿಯ ಹಿಂದೆ ಇಣುಕುತ್ತದೆ. ಅದನ್ನು ಮುಚ್ಚಲು ಸಾಧ್ಯವಿಲ್ಲ ಎಂದು ಕಂಡುಕೊಂಡವರು ಗೋಪುರದ ಬಣ್ಣವನ್ನೂ ಮಾಡಿನ ಅಂಚನ್ನೂ ಮೊರಾಕೊ ಕಟ್ಟಡಗಳಿಗೆ ಹೊಂದುವಂತೆ ಮಾಡಿದರು. ನೋಡುವವರು ಅದೂ ಆ ಕೇರಿಯದೇ ಇರಬೇಕೆಂದು ಸುಮ್ಮನಾಗುತ್ತಾರೆ. ಇದು ನಮಗೆ ಬಹಳ ಮೆಚ್ಚಿಗೆಯಾದ ಕೆಲಸ.

ಅದೇ ಎಪ್‌ಕಾಟಿನಲ್ಲಿ 2022ರಲ್ಲಿ ತೆರೆದ ಆಕಾಶಯಾನದ ಹೊಸ ಆಟದ ಗೋದಾಮು ಮಾತ್ರ ಮೆಚ್ಚುವಂತಿಲ್ಲ. ಅಷ್ಟು ದೊಡ್ಡ ಪೆಟ್ಟಿಗೆಗೆ ಬೆಟ್ಟವೂ ಇಲ್ಲ, ಏರಿಯೂ ಇಲ್ಲ, ನೀಲಿ ಬಣ್ಣ ಬಳಿದು ಆಕಾಶ ಎಂದುಕೊಳ್ಳಿ ಎಂದಿದ್ದಾರೆ. ಮೋಡ ಕವಿದ ದಿನ ಆಕಾಶ ಬೂದಿ, ಗೋದಾಮು ನೀಲಿ! ಹಳೆಯ ಅಭಿಮಾನಿಗಳು ಇದಕ್ಕೆ ಸಾಕಷ್ಟು ಗೊಣಗಿದ್ದಾರೆ.

ಇಂಗ್ಲೆಂಡಿನ ಆಲ್ಟನ್ ಟವರ್ಸ್ ಉದ್ಯಾನದವರ ದಾರಿ ಬೇರೆ. ಅಲ್ಲಿ ಕಾಣಬಾರದು ಎಂದು ಹಟ ಹಿಡಿದವರು ಒಳಗೆ ಬಂದ ಗಿರಾಕಿಗಳಲ್ಲ, ಹೊರಗಿನ ಹಳ್ಳಿಯವರು. ಯಾವ ಆಟವೂ ಮರಗಳ ನೆತ್ತಿ ಮೀರಬಾರದು ಎಂಬ ಕಟ್ಟಳೆ ಇದ್ದುದರಿಂದ 1994ರಲ್ಲಿ ನೆಮೆಸಿಸ್ ಎಂಬ ಉರುಳುಬಂಡಿ ಮಾಡುವಾಗ ಮೇಲಕ್ಕೆ ಏರದೆ ಬಂಡೆ ಸಿಡಿಸಿ ಹೊಂಡ ತೋಡಿ ಅದರೊಳಗೆ ಹಳಿ ಇಳಿಸಿದರು. ಕಂದಕದ ಗೋಡೆಗಳ ನಡುವೆ ನುಗ್ಗುವ ಬಂಡಿಯೇ ಆಮೇಲೆ ಅದರ ಹೆಸರುವಾಸಿಗೆ ಕಾರಣವಾಯಿತು.

ಕೆಲಸದವರನ್ನೂ ಅಡಗಿಸಿದರು

ಅನಾಹೈಮಿನಲ್ಲಿ ದನಗಾಹಿಯ ವೇಷದ ನೌಕರನೊಬ್ಬ ಭವಿಷ್ಯದ ನಗರದ ನಡುವೆ ನಡೆದು ಕೆಲಸಕ್ಕೆ ಹೋಗುತ್ತಿದ್ದುದು ಡಿಸ್ನಿಯವರ ಕಣ್ಣಿಗೆ ಚುಚ್ಚಿತಂತೆ. ಆ ಕಾರಣಕ್ಕೆ ಫ್ಲಾರಿಡಾದ ಉದ್ಯಾನದಲ್ಲಿ ನೌಕರರ ಓಡಾಟ, ಕಸ, ಸರಕು, ಅಡುಗೆ ಎಲ್ಲಕ್ಕೂ ಅಡಿಯಲ್ಲಿ ಸುರಂಗದ ಬೀದಿಗಳನ್ನು ಮಾಡಿದರು. ಅಲ್ಲಿ ನೆಲ ತೋಡಿದರೆ ನೀರು. ಆದ್ದರಿಂದ ಸುರಂಗವನ್ನು ನೆಲಮಟ್ಟದಲ್ಲೇ ಕಟ್ಟಿ, ಪಕ್ಕದಲ್ಲಿ ಸರೋವರ ತೋಡಿದ ಮಣ್ಣನ್ನು ಸುತ್ತ ತುಂಬಿ, ಮೇಲೆ ಉದ್ಯಾನ ಮಾಡಿದರು. ಜನ ಓಡಾಡುವುದು ನಿಜಕ್ಕೂ ಮಾಳಿಗೆಯ ಮೇಲೆ. ಎಂಜಿನಿಯರಿಂಗ್ ದೃಷ್ಟಿಯಿಂದ ತಲೆದೂಗಬೇಕಾದ ಕೆಲಸವೇ. ಆದರೆ ಕಸದ ಜೊತೆ ಕಸ ಗುಡಿಸುವವರೂ ಮರೆಗೆ ಸೇರಬೇಕು ಎಂಬುದನ್ನು ಒಪ್ಪಲು ನಮಗೆ ಮನಸ್ಸು ಬರಲಿಲ್ಲ. ನಮ್ಮಲ್ಲೂ ಒಬ್ಬರು, ಅತಿಥಿಗಳು ಬಂದ ದಿನ ಲೈನು ಮನೆಗಳ ಕಡೆ ಸೊಪ್ಪಿನ ತಟ್ಟಿ ಕಟ್ಟಿಸುವ ಮಾತಾಡಿದ್ದರು. ಲೈನು ಮನೆ ನೋಡುವಂತಿಲ್ಲದಿದ್ದರೆ ಅದಕ್ಕೆ ಬೇಕಾದ್ದು ಸುಣ್ಣ, ಹೆಂಚು, ಚರಂಡಿ. ತಟ್ಟಿಯಲ್ಲ ಎಂದು ನಾವು ಅವರಿಗೆ ಹೇಳಿದೆವು. ಅವರು ಕೋಪಿಸಿಕೊಂಡು ಹೋದದ್ದೂ ನಿಜ, ಆ ಬೇಸಿಗೆ ಹೆಂಚು ಕೈಯಾಡಿಸಿದ್ದೂ ನಿಜ.

ನಮ್ಮ ಸಂಘದ ಬಳ್ಳಿ

ಇನ್ನೊಬ್ಬರಿಗೆ ಬುದ್ಧಿ ಹೇಳುವಾಗ ನಮ್ಮದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಹಾಸಭೆಗೆ ಬಂದವರೆಲ್ಲ ಸಂಘದ ಗೋದಾಮು ಜೈಲಿನಂತೆ ಕಾಣುತ್ತದೆ ಎಂದು ಆಡಿಕೊಂಡರು. ನಾವು ಉತ್ಸಾಹದಿಂದ ಪಡುವಣ ಗೋಡೆಗೆ ಬಳ್ಳಿ ಹಬ್ಬಿಸಿದೆವು. ಎರಡು ಮಳೆಗಾಲದಲ್ಲಿ ಗೋಡೆ ಮುಚ್ಚಿ ಹಸಿರಾಯಿತು. ನೋಡಿದವರೆಲ್ಲ ಹೊಗಳಿದರು. ಬಳ್ಳಿ ಗಾಳಿಕಿಂಡಿಗಳನ್ನೂ ಮುಚ್ಚಿತ್ತು, ಸೂರಿನ ನೀರಿನ ದೋಣಿಯೊಳಗೂ ಇಳಿದಿತ್ತು. ಇದನ್ನು ನೋಡಿದವರು ಯಾರೂ ಇಲ್ಲ. ಮೂರನೆಯ ಮಳೆಗಾಲದಲ್ಲಿ ನೀರು ದೋಣಿಯಲ್ಲಿ ನಿಂತು ಗೋಡೆಗೆ ಇಳಿಯಿತು. ಶೇಕಡಾ 10-11 ತೇವಕ್ಕೆ ಒಣಗಿಸಿ ಇಟ್ಟಿದ್ದ ಕಾಫಿ, ಆ ಗೋಡೆಯ ಕಡೆಯ ಅಟ್ಟಿಯಲ್ಲಿ ತೇವ ಎಳೆದು ಬಣ್ಣ ಕೆಟ್ಟಿತು. ಅಡಿಕೆ ಚೀಲಗಳಿಗೆ ಬೂಷ್ಟು ಬಂತು. ಸದಸ್ಯರ ಮಾಲು, ಸದಸ್ಯರ ನಷ್ಟ. ಬಳ್ಳಿಯನ್ನು ಅದೇ ವಾರ ಕತ್ತಿಯಲ್ಲಿ ಸವರಿ ತೆಗೆದೆವು. ಗೋಡೆಯ ಮೇಲೆ ಅದರ ಬೇರಿನ ಗುರುತು ಇನ್ನೂ ಇದೆ.

ಆಮೇಲೆ ತಿಳಿದದ್ದು, ಥೀಮ್ ಪಾರ್ಕಿನವರೂ ಮರೆಯನ್ನು ಕಟ್ಟಡಕ್ಕೆ ಅಂಟಿಸಿ ಕೂರುವುದಿಲ್ಲ. ಅವರ ಏರಿ ಗೋದಾಮಿನಿಂದ ದೂರ, ನೋಡುವವರ ಕಣ್ಣಿಗೆ ಹತ್ತಿರ ಇರುತ್ತದೆ. ಜಗಲಿಯ ಎದುರು ಹತ್ತು ಮಾರು ದೂರದಲ್ಲಿ ಇರುವ ಒಂದು ಪೊದೆ, ನೂರು ಮಾರು ದೂರದ ಇಡೀ ಷೆಡ್ಡನ್ನು ಮುಚ್ಚಬಲ್ಲದು. ಷೆಡ್ಡಿಗೆ ಬಿಸಿಲು, ಗಾಳಿ, ಲಾರಿ ತಿರುಗುವ ಜಾಗ ಎಲ್ಲವೂ ಹಾಗೆಯೇ ಉಳಿಯುತ್ತವೆ. ಅಡಿಕೆ ಬೇಯಿಸುವ ಒಲೆಮನೆಯ ಬಳಿಯಂತೂ ತರಗೆಲೆ ಉದುರುವ ಗಿಡ ಬೇಡವೇ ಬೇಡ. ಪಲ್ಪರ್ ನೀರಿನ ಗುಂಡಿಗೆ ಬೇಲಿ ಹಾಕಬೇಕು, ಮರೆ ಮಾಡಬಾರದು. ಕಾಣದ ಗುಂಡಿಗೆ ಮಕ್ಕಳೂ ದನಗಳೂ ಬೀಳುತ್ತವೆ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆಂದು ಕೆಲವರು ಅದನ್ನೇ ಸಾಲಾಗಿ ನೆಡುತ್ತಾರೆ. ಅದು ಮೇಲಕ್ಕೆ ಹೋಗಿಬಿಡುತ್ತದೆ, ಕೆಳಗೆ ಬರೀ ಕಾಂಡ. ಷೆಡ್ಡು ಕಂಬಿ ಎಣಿಸುವ ಕೈದಿಯಂತೆ ಅದರ ನಡುವಿನಿಂದ ನೋಡುತ್ತಿರುತ್ತದೆ. ಬುಡದಿಂದಲೇ ಕವಲೊಡೆಯುವ ದಾಸವಾಳವೋ ಹೊಳೆ ಬದಿಯ ಸಣ್ಣ ಬಿದಿರೋ ಆದರೆ ಕೆಲಸವಾಗುತ್ತದೆ.

ಸಂಕೋಚದಿಂದ ಕೇಳಿದ ಆ ಸದಸ್ಯರ ಮನೆಗೆ ನಾವು ಹೋಗಿ ಜಗಲಿಯಲ್ಲಿ ಕೂತು ನೋಡಿದೆವು. ಕಣ್ಣಿಗೆ ಕುಕ್ಕುತ್ತಿದ್ದುದು ಷೆಡ್ಡಿಗಿಂತ ಹೆಚ್ಚಾಗಿ ಸೌದೆಯ ಮೇಲಿನ ನೀಲಿ ತಾರ್ಪಾಲು. ಅದನ್ನು ತೆಗೆದು ಸೋಗೆ ಹೊದಿಸಿದಾಗಲೇ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧಕ್ಕೆ ಅಂಗಳದ ತುದಿಯ ದರೆಯ ಮೇಲೆ ಹನ್ನೆರಡು ಗುಂಡಿ ತೋಡಿಸಿದ್ದಾರೆ. ಮೊದಲ ಮಳೆ ಬಿದ್ದ ಮೇಲೆ ದಾಸವಾಳದ ಕಡ್ಡಿ ಊರುವುದೆಂದು ಗೊತ್ತಾಗಿದೆ. ಅಂಗಳದ ಮೂಲೆಯಲ್ಲಿ ಅವರ ಅಜ್ಜ ನೆಟ್ಟ ಹಲಸಿನ ಮರವೊಂದು ಷೆಡ್ಡಿನ ಎಡಭಾಗವನ್ನು ಆಗಲೇ ಮುಚ್ಚಿ ನಿಂತಿದೆ.